ನೇರಿಯೊನ ಎಡಗಾಲು

ಅರವತ್ತೇಳನೆಯ ವಯಸ್ಸಿನಲ್ಲಿ ನೇರಿಯೊ ಮೊಂತೆವೆಕ್ಕಿಗೆ ತನ್ನದೇ ಎಡಗಾಲಿನ ಭಯ ಹಿಡಿಯಿತು. ಅದು ನೋವಿನ ಭಯವಲ್ಲ. ನೋವಿದ್ದದ್ದು ಬಲಗಾಲಿನಲ್ಲಿ, ಅದಕ್ಕೆ ಉಕ್ಕಿನ ಮಂಡಿ ಕೂರಿಸಿಯಾಗಿತ್ತು. ಎಡಗಾಲು ಗಟ್ಟಿಮುಟ್ಟಾಗಿಯೂ ಚುರುಕಾಗಿಯೂ ಇತ್ತು. ಆ ಚುರುಕೇ ತನ್ನ ಹೆಂಡತಿ ಇಲ್ವಾಳ ಜೀವ ತೆಗೆಯುತ್ತದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಈ ಮಾತನ್ನು ಅವನು ಯಾರ ಬಳಿಯೂ ಆಡಿರಲಿಲ್ಲ.

ನಮ್ಮ ಲಮೊನೆ ಕಣಿವೆಯಲ್ಲಿ ಮೋಟರ್‌ಬೈಕಿನ ಹುಚ್ಚಿಲ್ಲದ ಮನೆ ಸಿಗುವುದು ಕಷ್ಟ. ಆದರೆ ನೇರಿಯೊನ ಹುಚ್ಚು ಬೇರೆ ತರದ್ದು. ಹಗಲೆಲ್ಲ ಪೀಚ್ ಬೆಳೆಗಾರರ ಸಹಕಾರ ಸಂಘದ ಶೈತ್ಯಾಗಾರದಲ್ಲಿ ಮೆಕ್ಯಾನಿಕ್ಕಾಗಿ ದುಡಿದು, ಸಂಜೆ ಬ್ರಿಸಿಗೆಲ್ಲಾ ಊರಿನ ಮನೆಗೆ ಬಂದವನೇ ಹಿತ್ತಲಿನ ಕೊಟ್ಟಿಗೆ ಸೇರುತ್ತಿದ್ದ. ಹಾಗೆ ಮೂವತ್ತಾರು ವರ್ಷ. ಯಾರದೋ ಕೋಳಿಗೂಡಿನಲ್ಲಿ ಹಿಕ್ಕೆ ಮೆತ್ತಿಕೊಂಡು ಬಿದ್ದಿದ್ದ ಗಾಡಿ, ಯಾರದೋ ಅಜ್ಜ ಯುದ್ಧ ಮುಗಿದ ಮೇಲೆ ಹುಲ್ಲಿನಟ್ಟದಲ್ಲಿಟ್ಟು ಮರೆತಿದ್ದ ಗಾಡಿ, ಎಲ್ಲವೂ ಅವನ ಕೊಟ್ಟಿಗೆಗೆ ಬಂದು ಎದ್ದು ನಿಂತು ಹೋದವು. ಚಕ್ರದ ಕಡ್ಡಿಗಳನ್ನು ಉಗುರಿನಿಂದ ಮೀಟಿ, ಸದ್ದು ಕೇಳಿಯೇ ಯಾವುದು ಸಡಿಲ ಎಂದು ಹೇಳುತ್ತಿದ್ದ. ಹಳೆಯ ಬೋಲ್ಟು ಉಜ್ಜಿ ಉಳಿಸುವಂತಿದ್ದರೆ ಹೊಸದನ್ನು ಮುಟ್ಟುತ್ತಿರಲಿಲ್ಲ.

ಇಷ್ಟಾದರೆ ಸರಿ. ಆದರೆ ಅವನಿಗೆ ಜಂಬವೂ ಇತ್ತು. ಎಪ್ಪತ್ತನೇ ಇಸವಿಯ ನಂತರ ತಯಾರಾದ ಬೈಕಿನ ಮೇಲೆ ಕೂತವನಲ್ಲ ಅವನು, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಯಾರಾದರೂ ಹೊಸ ಗಾಡಿ ತೋರಿಸಲು ಬಂದರೆ, ಬಟ್ಟೆ ಒಗೆಯುವ ಮೆಷಿನ್ನಿಗೆ ಚಕ್ರ ಹಾಕಿಸಿದ್ದೀಯಲ್ಲ, ಬಟ್ಟೆ ಒಣಗಿತೇ ಎಂದು ಕೇಳಿ ಮುಖ ಕಪ್ಪಗೆ ಮಾಡಿ ಕಳಿಸುತ್ತಿದ್ದ. ನಮ್ಮ ದೇಶದ ಆ ಹಳೆಯ ಬೈಕುಗಳಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಎಪ್ಪತ್ತರ ದಶಕದಲ್ಲಿ ಲೋಕವೆಲ್ಲ ಅವೆರಡನ್ನು ಅದಲುಬದಲು ಮಾಡಿಕೊಂಡಿತು. ನೇರಿಯೊ ಮಾತ್ರ ಮಾಡಿಕೊಳ್ಳಲಿಲ್ಲ.

ಇಲ್ವಾ ಹತ್ತಿರದ ಫಾಯೆಂಜಾ ಪಟ್ಟಣದ ಒಂದು ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಗಳ ಮೇಲೆ ಬಣ್ಣ ಬರೆಯುತ್ತಿದ್ದವಳು. ತಿರುಗುವ ತಟ್ಟೆಯ ಅಂಚಿಗೆ ಒಂದೇ ಉಸಿರಿನಲ್ಲಿ ನೀಲಿ ಗೆರೆ ಎಳೆಯುತ್ತಿದ್ದಳು, ಗೆರೆ ಕೂದಲಷ್ಟೂ ಅಲುಗುತ್ತಿರಲಿಲ್ಲ. ಮದುವೆಯಾದ ಮರುವರ್ಷ ಗಂಡನ ಬೈಕಿನ ಹಿಂದೆ, ದಿಂಬು ಕಟ್ಟಿಕೊಂಡು, ಒಮ್ಮೆ ಕೂತಿದ್ದಳು. ಹೊಸ ಲಂಗಕ್ಕೆ ಎಣ್ಣೆ ಸಿಡಿದು ಹಾಳಾಯಿತು, ಸೊಂಟ ಮೂರು ದಿನ ನೋಯಿತು. ಇನ್ನು ಈ ಅಜ್ಜಂದಿರ ಬೆನ್ನೇರುವುದಿಲ್ಲ ಎಂದು ಅವತ್ತೇ ಶಪಥ ಮಾಡಿದಳು. ಆಗ ನೇರಿಯೊ ಒಂದು ಮಾತು ಕೊಟ್ಟ. ಒಂದಲ್ಲ ಒಂದು ದಿನ ಬೆನ್ನಿಗೆ ಒರಗು ಇರುವ ಒಳ್ಳೆಯ ಬೈಕು ತಂದು, ಬೆಟ್ಟ ದಾಟಿಸಿ, ಆಚೆ ಕಡಲಿಗೆ ಕರೆದುಕೊಂಡು ಹೋಗುತ್ತೇನೆ ಎಂದ. ನಮ್ಮ ಮೂಡಣ ಕಡಲಿನಲ್ಲಿ ಸೂರ್ಯ ಹುಟ್ಟುತ್ತಾನೆಯೇ ಹೊರತು ಮುಳುಗುವುದಿಲ್ಲ. ಅವನು ನೀರಿಗಿಳಿಯುವುದನ್ನು ನೋಡಬೇಕಾದರೆ ಪಡುವಣದ ತೊಸ್ಕಾನಾ ದಂಡೆಗೇ ಹೋಗಬೇಕು. ಕಾರಿನಲ್ಲಿ ಹೋಗಿಬರೋಣ ಎಂದು ಎಷ್ಟೋ ಸಲ ಕರೆದರೂ ಇಲ್ವಾ ಒಪ್ಪಲಿಲ್ಲ. ಮಾತು ಕೊಟ್ಟಿದ್ದು ಬೈಕಿಗೆ, ಕಾರಿಗಲ್ಲ ಎನ್ನುತ್ತಿದ್ದಳು.

ಮಾತು ನಲವತ್ತು ವರ್ಷ ಹಾಗೇ ಬಿದ್ದಿತ್ತು. ಮೂರು ಚಳಿಗಾಲದ ಹಿಂದೆ ಒಂದೇ ಸಿಲಿಂಡರಿನ ದೊಡ್ಡ ಹಳೆ ಗಾಡಿಯೊಂದನ್ನು ಸ್ಟಾರ್ಟ್ ಮಾಡುವಾಗ ಕಿಕ್ಕರ್ ತಿರುಗಿ ಒದೆಯಿತು. ನೇರಿಯೊ ಕೊಟ್ಟಿಗೆಯ ಬಾಗಿಲಿನಾಚೆ ಹೋಗಿ ಬಿದ್ದ. ಮಂಡಿ ಚೂರಾಯಿತು. ಉಕ್ಕಿನ ಮಂಡಿ ಹಾಕಿದ ಡಾಕ್ಟರು, ಇನ್ನು ಕಿಕ್ ಹೊಡೆದರೆ ನನ್ನ ಬಳಿ ಬರಬೇಡ ಎಂದರು. ಅವನು ಗಾಡಿಗಳನ್ನೆಲ್ಲ ಒಂದೊಂದಾಗಿ ಬೊಲೊನ್ಯಾ ಕಡೆಯವರಿಗೆ ಕೊಟ್ಟುಬಿಟ್ಟ. ಕೊನೆಯದು ಹೋದ ದಿನ ಕೊಟ್ಟಿಗೆ ಗುಡಿಸಿ ಬಾಗಿಲು ಹಾಕಿಕೊಂಡು ಬಂದವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಸಂಘದಲ್ಲಿ ಅವನ ಜೊತೆ ಕೆಲಸ ಮಾಡಿದ್ದ ಲೋರಿಸ್ ಎಂಬ ಗೆಳೆಯನೇ ಕ್ರೂಸರ್ ಎಂಬ ಹೊಸ ತರದ ಬೈಕು ಕೊಳ್ಳಲು ಹುಚ್ಚೆಬ್ಬಿಸಿದವನು. ಸೋಫಾದಷ್ಟು ತಗ್ಗು ಸೀಟು, ಗುಂಡಿ ಒತ್ತಿದರೆ ಸ್ಟಾರ್ಟು, ಹಿಂದೆ ಕೂರುವವರ ಬೆನ್ನಿಗೆ ಒರಗು. ನಿನ್ನ ಮಂಡಿಗೂ ಇಲ್ವಾಳ ಸೊಂಟಕ್ಕೂ ಹೇಳಿ ಮಾಡಿಸಿದ್ದು ಎಂದ. ನೇರಿಯೊ ಮೂಗು ಮುರಿದ, ಬೈದ, ಕೊನೆಗೆ ಹೋಗಿ ನೋಡಿದ. ಮೈತುಂಬಿಕೊಂಡು ಕರ್ರಗೆ ನಿಂತಿತ್ತು ಗಾಡಿ, ಮುನ್ನೂರು ಕಿಲೋ ತೂಕ. ಗುಂಡಿ ಒತ್ತಿದ, ಕೆಮ್ಮದೆ ಕ್ಯಾಕರಿಸದೆ ಒಂದೇ ಸಲಕ್ಕೆ ಎದ್ದಿತು. ಅವನಿಗೆ ಒಂದು ಕ್ಷಣ ಸಿಟ್ಟೇ ಬಂತು. ಆಮೇಲೆ ಕೊಂಡ.

ಅಂಗಡಿಯಿಂದ ಮನೆಗೆ ತರುವ ದಾರಿಯಲ್ಲೇ ಅದು ನಡೆದದ್ದು. ಊರಾಚೆಯ ವೃತ್ತ ದಾಟಿ ರಸ್ತೆ ನೇರವಾದಾಗ, ಗೇರು ಏರಿಸಬೇಕೆಂದುಕೊಂಡ ನೇರಿಯೊನ ಬಲಗಾಲು ತನ್ನಷ್ಟಕ್ಕೆ ತಾನು ಕೆಳಗಿಳಿದು ಗಟ್ಟಿಯಾಗಿ ತುಳಿಯಿತು. ಅದು ಗೇರಲ್ಲ, ಬ್ರೇಕು. ಗಾಡಿ ಗಡಗಡ ನಡುಗಿ ಮುಗ್ಗರಿಸಿತು. ಹಿಂದೆ ಬರುತ್ತಿದ್ದ ಬ್ರೆಡ್ಡಿನ ವ್ಯಾನಿನವನು ಹೇಗೋ ಪಕ್ಕಕ್ಕೆ ತಿರುಗಿಸಿಕೊಂಡು, ಕಿಟಕಿಯಿಂದ ಕೈ ಹೊರಹಾಕಿ, ನೇರಿಯೊನ ತಾಯಿಯನ್ನೂ ಅವಳ ತಾಯಿಯನ್ನೂ ನೆನೆಯುತ್ತ ಹೋದ. ಗಾಬರಿಯಲ್ಲಿ ಬ್ರೇಕು ಹಿಡಿಯಬೇಕೆಂದುಕೊಂಡ ನೇರಿಯೊ ಎಡಗಾಲಿನಿಂದ ಗೇರನ್ನು ತುಳಿದಿದ್ದ. ಗಾಡಿ ನಿಲ್ಲಿಸಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ತನ್ನ ಎರಡು ಕಾಲುಗಳನ್ನೂ ನೋಡಿಕೊಂಡ.

ಮನೆಗೆ ಬಂದರೆ ಇಲ್ವಾ ಗೇಟಿನಲ್ಲೇ ನಿಂತಿದ್ದಳು. ಗಾಡಿಯ ಸುತ್ತ ಎರಡು ಸುತ್ತು ಬಂದಳು, ಒರಗನ್ನು ಒತ್ತಿ ನೋಡಿದಳು. ಒಳಗೆ ಹೋಗಿ, ತಾನು ಮೊದಲೇ ತಂದಿಟ್ಟುಕೊಂಡಿದ್ದ ಹೆಲ್ಮೆಟ್ಟನ್ನು ಹಾಕಿಕೊಂಡು ಬಂದು ನಿಂತಳು. ಅರವತ್ತೆರಡರ ಹೆಂಗಸು, ಕಣ್ಣುಗಳು ಮಾತ್ರ ಕಾಣುತ್ತಿದ್ದವು, ಅವು ನಗುತ್ತಿದ್ದವು. ನೇರಿಯೊ ಅವುಗಳಿಂದ ಕಣ್ಣು ತಪ್ಪಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಇವತ್ತು ಬೇಡ, ಹೊಸ ಟಯರು, ಇನ್ನೂ ಸವೆಯಬೇಕು ಎಂದ. ಮರುವಾರ ಗಾಳಿ ಜಾಸ್ತಿ ಎಂದ. ಅದರ ಮರುವಾರ ಮಂಡಿ ಎಂದ. ದಿನಾ ಬೆಳಿಗ್ಗೆ ಆರು ಗಂಟೆಗೆ, ಕೆಲಸದವರು ಬರುವ ಮೊದಲು, ಸಹಕಾರ ಸಂಘದ ದೊಡ್ಡ ಅಂಗಳಕ್ಕೆ ಹೋಗಿ ಒಬ್ಬನೇ ಸುತ್ತು ಹಾಕುತ್ತಿದ್ದ. ಹಣ್ಣಿನ ಖಾಲಿ ಡಬ್ಬಗಳನ್ನು ಸಾಲಾಗಿಟ್ಟು ಅವುಗಳ ಮುಂದೆ ನಿಲ್ಲಿಸುತ್ತಿದ್ದ. ಬಲಗಾಲು ಬ್ರೇಕು, ಎಡಗಾಲು ಗೇರು ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಾಗ ಕಾಲು ಕೇಳುತ್ತಿತ್ತು, ಒಂದು ಡಬ್ಬವೂ ಉರುಳುತ್ತಿರಲಿಲ್ಲ. ಆದರೆ ಒಮ್ಮೆ ಶೈತ್ಯಾಗಾರದ ಬೆಕ್ಕು ಅಡ್ಡ ಓಡಿತು, ಎಡಗಾಲು ಒಂದಿಷ್ಟೂ ಯೋಚಿಸದೆ ತುಳಿಯಿತು. ಬೆಕ್ಕು ಬದುಕಿತು. ನೇರಿಯೊನ ನಿದ್ದೆ ಮಾತ್ರ ಹೋಯಿತು. ನಿಧಾನವಾಗಿ ಹೋಗುವಾಗ ಕಾಲು ಅವನದು, ಹೆದರಿದಾಗ ಕಾಲು ಐವತ್ತು ವರ್ಷದ ಹಿಂದಿನ ಹುಡುಗನದು. ಬೇಕೆಂದು ತನ್ನನ್ನು ತಾನೇ ಹೆದರಿಸಿಕೊಂಡು ಅಭ್ಯಾಸ ಮಾಡಲು ಯಾರಿಗೆ ಆಗುತ್ತದೆ? ಅಂಗಳದಲ್ಲಿ ಅವನು ಎಷ್ಟು ಸಾವಿರ ಸಲ ಸರಿಯಾಗಿ ತುಳಿದರೂ ಬೇಕಾದ ಆ ಒಂದು ಕ್ಷಣಕ್ಕೆ ಅದು ಉಪಯೋಗವಿಲ್ಲ ಎಂಬುದು ಅವನಿಗೆ ತಿಳಿದುಹೋಗಿತ್ತು.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಡೀ ಕಣಿವೆಗೆ ಗಾಡಿಯ ವಿಷಯದಲ್ಲಿ ಪಾಠ ಹೇಳಿದವನು, ಬಟ್ಟೆ ಒಗೆಯುವ ಮೆಷಿನ್ನು ಓಡಿಸಲು ನನಗೆ ಬರುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಿಯಾನು? ಇಲ್ವಾ ಬೇರೆ, ಬೀದಿಯಲ್ಲಿ ಸಿಕ್ಕವರಿಗೆಲ್ಲ ಆಚೆ ಕಡಲಿನ ಸುದ್ದಿ ಹೇಳಿಯಾಗಿತ್ತು.

ಏಪ್ರಿಲ್ ಕೊನೆಯ ಭಾನುವಾರ ನಮ್ಮಲ್ಲಿ ಬೈಕುಗಳಿಗೆ ತೀರ್ಥ ಹಾಕುತ್ತಾರೆ. ಚಳಿಗಾಲ ಕಳೆದು ಗಾಡಿಗಳೆಲ್ಲ ಹೊರಬಿದ್ದಿರುತ್ತವೆ. ಗುಡ್ಡದ ಮೇಲಿನ ಚರ್ಚಿನ ಮುಂದೆ ಸಾಲಾಗಿ ನಿಂತರೆ ಪಾದ್ರಿ ಸೆತ್ತಿಮಿಯೊ ಬಕೆಟ್ಟು ಹಿಡಿದು ಎಲ್ಲಕ್ಕೂ ನೀರು ಚಿಮುಕಿಸುತ್ತ ಬರುತ್ತಾರೆ. ಆಮೇಲೆ ಎಲ್ಲರೂ ಒಟ್ಟಾಗಿ ಹೊಳೆಯ ಬದಿಯ ಹೋಟೆಲಿಗೆ ಊಟಕ್ಕೆ. ಅವತ್ತು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಇಲ್ವಾ ಬೆಳಿಗ್ಗೆ ಏಳಕ್ಕೇ ಸಿದ್ಧ. ಅವಳನ್ನು ಹಿಂದೆ ಕೂರಿಸಿಕೊಂಡು ಗುಡ್ಡ ಹತ್ತುವಾಗ ಅವನು ನಡೆದು ಹೋಗುವವರಿಗಿಂತ ಸ್ವಲ್ಪ ಜೋರಾಗಿ ಹೋದ ಅಷ್ಟೆ. ಪಾದ್ರಿ ಹತ್ತಿರ ಬಂದಾಗ ನೇರಿಯೊ ಎಡಗಾಲಿನ ಬೂಟನ್ನು ಮುಂದಕ್ಕೆ ಚಾಚಿದ.

“ಏನಪ್ಪಾ ನೇರಿಯೊ, ಬೂಟಿಗೂ ಆಶೀರ್ವಾದ ಬೇಕಾ?” ಎಂದರು ಪಾದ್ರಿ.

“ಅದಕ್ಕೇ ಬೇಕಿರೋದು ಫಾದರ್, ಧಾರಾಳವಾಗಿ ಹಾಕಿ,” ಎಂದ ನೇರಿಯೊ.

ಸುತ್ತಲಿನವರು ನಕ್ಕರು. ಪಾದ್ರಿ ನಗುತ್ತಲೇ ಬೂಟಿನ ಮೇಲೆ ಎರಡು ಸಲ ಚಿಮುಕಿಸಿದರು. ನಗದೇ ಇದ್ದವನು ಅವನೊಬ್ಬನೇ.

ಚರ್ಚಿನಿಂದ ಊಟಕ್ಕೆ ಇಳಿಯುವ ದಾರಿಯಲ್ಲಿ ಬಲಕ್ಕೆ ತಿರುಗುವ ಒಂದು ಕುರುಡು ತಿರುವಿದೆ. ಅದನ್ನು ದಾಟಿದರೆ ಎದುರಿಗೇ ಟ್ರಾಕ್ಟರು. ಬಲಗಡೆಯ ಪೀಚ್ ತೋಟದಿಂದ ಹೊರಟು ರಸ್ತೆಗೆ ಅಡ್ಡವಾಗಿ ಬರುತ್ತಿತ್ತು, ಹಿಂದೆ ಔಷಧಿ ಹೊಡೆಯುವ ದೊಡ್ಡ ಟ್ಯಾಂಕು ಎಳೆದುಕೊಂಡು. ನೇರಿಯೊನ ಎದೆ ಧಸಕ್ಕೆಂದಿತು. ಎಡಗಾಲು ಇಳಿಯಿತು. ಗಾಡಿ ನಿಲ್ಲುವ ಬದಲು ಗೇರು ಬಿದ್ದು ಅರಚಿತು, ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಎಡಗಾಲು ಮತ್ತೊಮ್ಮೆ, ಇನ್ನೂ ಜೋರಾಗಿ ತುಳಿಯಿತು. ಬಲಗಾಲಿದೆ, ಕೈಬ್ರೇಕಿದೆ ಎಂಬುದೇ ಅವನಿಗೆ ಹೊಳೆಯಲಿಲ್ಲ. ಟ್ಯಾಂಕಿಗೂ ಚರಂಡಿಗೂ ನಡುವೆ ಒಂದು ಬಾಗಿಲಿನಷ್ಟು ಜಾಗವಿತ್ತು. ಗಾಡಿ ಅದರೊಳಗೆ ತೂರಿ ಆಚೆ ಬಂತು. ಅವನು ಅದನ್ನು ತೂರಿಸಲಿಲ್ಲ, ಅದೇ ತೂರಿಕೊಂಡಿತು. ಇಲ್ವಾಳ ಎಡ ಮಂಡಿ ಟ್ಯಾಂಕಿಗೆ ಸವರಿ, ಪ್ಯಾಂಟಿನ ಮೇಲೆ ಮೈಲುತುತ್ತದ ನೀಲಿ ಬಳಿದುಕೊಂಡಿತ್ತು.

ಹಿಂದೆ ಬರುತ್ತಿದ್ದ ಲೋರಿಸ್ ಇದನ್ನೆಲ್ಲ ಕಂಡಿದ್ದ. ಊಟದ ಮೇಜಿನಲ್ಲಿ ಅವನದೇ ಮಾತು. ಬ್ರೇಕು ಹಿಡಿಯದೆ ಗೇರು ಇಳಿಸಿ ಜಾಗ ನೋಡಿಕೊಂಡು ನುಗ್ಗಿದನಲ್ಲ, ಬೇರೆ ಯಾರಾದರೂ ಆಗಿದ್ದರೆ ಟ್ಯಾಂಕಿಗೆ ಅಂಟಿಕೊಂಡಿರುತ್ತಿದ್ದರು, ಹಳೇ ಕೈ ಅಂದರೆ ಇದು ಎಂದ. ಎಲ್ಲರೂ ಲೋಟ ಎತ್ತಿದರು. ನೇರಿಯೊನ ಮುಂದೆ ತಟ್ಟೆಯಲ್ಲಿದ್ದ ತಾಲ್ಯತೆಲ್ಲೆ ಪಾಸ್ತಾ ಆರಿ ತಣ್ಣಗಾಯಿತು. ಇಲ್ವಾ ಕರವಸ್ತ್ರ ನೆನೆಸಿ ಮಂಡಿಯ ನೀಲಿಯನ್ನು ಉಜ್ಜುತ್ತಿದ್ದಳು. ಊಟ ಮುಗಿದ ಮೇಲೆ, ಚಳಿ ಅನಿಸುತ್ತಿದೆ ಎಂದು ಹೇಳಿ ಲೋರಿಸನ ಹೆಂಡತಿಯ ಕಾರಿನಲ್ಲಿ ಮನೆಗೆ ಹೋದಳು.

ನೇರಿಯೊ ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಕೂತಿದ್ದಳು. ಅವನು ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು, ಇದನ್ನು ಮಾರಿಬಿಡೋಣ ಎಂದ. ಯಾಕೆ ಎಂದು ಅವಳು ಕೇಳಲಿಲ್ಲ.

“ನಿನ್ನ ಎಡಗಾಲು ಎರಡು ಸಲ ಕೆಳಗೆ ಹೋಯ್ತು. ನನ್ನ ಕಾಲಿನ ಮುಂದೇನೇ ಇತ್ತಲ್ಲ, ನೋಡ್ದೆ. ಯಾವಾಗಿಂದ ಹಿಂಗೆ?”

“ಮೊದಲನೇ ದಿನದಿಂದ. ಹೆದರಿಕೆ ಆದ್ರೆ ಕಾಲು ನನ್ನ ಮಾತು ಕೇಳಲ್ಲ ಇಲ್ವಾ. ನಿನ್ನ ಸಾಯಿಸಿಬಿಡ್ತೀನೇನೋ ಅಂತ ಆರು ವಾರದಿಂದ ನಿದ್ದೆ ಮಾಡಿಲ್ಲ.”

“ನಿದ್ದೆ ಮಾಡಿಲ್ಲ, ಆದ್ರೆ ಹತ್ತಿಸ್ಕೊಂಡು ಹೋದೆ.”

ಇಲ್ವಾ ಕಿರುಚಲಿಲ್ಲ, ಅತ್ತಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಮೂರು ದಿನ ಮನೆಯಲ್ಲಿ ಮಾತಿರಲಿಲ್ಲ. ಬೇಕಾದ್ದನ್ನು ಬಡಿಸುತ್ತಿದ್ದಳು, ಎದ್ದು ಹೋಗುತ್ತಿದ್ದಳು. ತಾನು ಅವಳನ್ನು ಕಳೆದುಕೊಳ್ಳಲು ಟ್ರಾಕ್ಟರೇ ಬೇಕಾಗಿರಲಿಲ್ಲ ಎಂದು ನೇರಿಯೊನಿಗೆ ಆಗ ಅನಿಸಿತು, ಅದು ಟ್ರಾಕ್ಟರಿಗಿಂತ ಹೆಚ್ಚು ಹೆದರಿಸಿತು.

ನಾಲ್ಕನೆಯ ದಿನ ಬೆಳಿಗ್ಗೆ ಕಾಫಿಯ ಜೊತೆ ತನ್ನ ಡ್ರೈವಿಂಗ್ ಲೈಸೆನ್ಸನ್ನು ಅವನ ಮುಂದಿಟ್ಟು, ಹಿಂಬದಿ ಕಾಣುವಂತೆ ತಿರುಗಿಸಿದಳು. ಕಾರಿನ ಚಿತ್ರದ ಮುಂದೆ ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಅಕ್ಟೋಬರಿನ ಒಂದು ತಾರೀಖು. ಬೈಕಿನ ಚಿತ್ರದ ಮುಂದೆಯೂ ಅದೇ ತಾರೀಖು. ನಮ್ಮ ಸರಕಾರದ ಕಾನೂನು ಹಾಗಿದೆ: ಎಂಬತ್ತನೇ ಇಸವಿಗೆ ಮೊದಲು ಕಾರಿನ ಲೈಸೆನ್ಸು ಪಡೆದವರು ಎಂಥ ಬೈಕನ್ನಾದರೂ ಓಡಿಸಬಹುದು. ಬೈಕು ಮುಟ್ಟಿಯೇ ಇರದ ಲಕ್ಷಾಂತರ ಮುದುಕ ಮುದುಕಿಯರ ಕೈಯಲ್ಲಿ ಈ ಹಕ್ಕಿದೆ.

“ನನ್ನ ಕಾಲಿಗೆ ಯಾವ ಹಳೇ ಅಭ್ಯಾಸಾನೂ ಇಲ್ಲ,” ಎಂದಳು ಇಲ್ವಾ. “ಏನು ಕಲಿಸಿದ್ರೆ ಅದನ್ನೇ ಕಲಿಯುತ್ತೆ. ನೀನು ಕಲಿಸು.”

ನೇರಿಯೊ ಬೇಡ ಎನ್ನಲು ನೂರು ಕಾರಣ ಹೇಳಿದ. ಮುನ್ನೂರು ಕಿಲೋ, ವಯಸ್ಸು, ಜನ. ಅವಳು ಕೇಳಿಸಿಕೊಂಡಳು, ಕಪ್ಪು ತೊಳೆದಳು, ಹೆಲ್ಮೆಟ್ಟು ಹಾಕಿಕೊಂಡು ಗೇಟಿನಲ್ಲಿ ನಿಂತಳು.

ಮೇ ತಿಂಗಳಿಂದ ಸಹಕಾರ ಸಂಘದ ಅಂಗಳದಲ್ಲಿ ಸುತ್ತು ಹಾಕುವವಳು ಇಲ್ವಾ, ಪಕ್ಕದಲ್ಲಿ ಉಕ್ಕಿನ ಮಂಡಿ ಎಳೆದುಕೊಂಡು ಓಡುವವನು ನೇರಿಯೊ. ಎರಡು ಸಲ ಗಾಡಿಯನ್ನು ಬೀಳಿಸಿದಳು. ಎರಡು ಸಲವೂ ಅವನ ಜೀವ ಬಾಯಿಗೆ ಬಂತು, ಅವಳು ಧೂಳು ಕೊಡವಿಕೊಂಡು ಮತ್ತೆ ಹತ್ತಿದಳು. ಕಲಿಸುವಾಗ ಅವನು ಎಡಗಾಲು ಎನ್ನಲು ಹೋಗಿ ಬಲಗಾಲು ಎಂದು, ಬಲಗಾಲು ಎನ್ನಲು ಹೋಗಿ ಎಡಗಾಲು ಎಂದು ತಪ್ಪಿ ಹೇಳಿಬಿಡುತ್ತಿದ್ದ. ಕೊನೆಗೆ ಅವಳು, ನೀನು ಬಾಯಿ ಮುಚ್ಚಿಕೊಂಡು ಓಡು ಸಾಕು ಎಂದಳು. ಒಂದು ದಿನ ಬೆಕ್ಕು ಅಡ್ಡ ಬಂದಾಗ ಅವಳ ಬಲಗಾಲು, ಬಲಗೈ ಎರಡೂ ಒಟ್ಟಿಗೆ ಕೆಲಸ ಮಾಡಿದವು. ಗಾಡಿ ನೆಟ್ಟಗೆ ನಿಂತಿತು.

ಊರಿನವರು ಬಿಡುತ್ತಾರೆಯೇ? ಲೋರಿಸ್ ಪಾನಗೃಹದಲ್ಲಿ ಎಲ್ಲರಿಗೂ ಕೇಳುವಂತೆ, ಆಚೆ ಕಡಲಿಗೆ ಹೋಗುವಾಗ ನೇರಿಯೊ ಹೆಂಡತಿಯ ಸೊಂಟ ಹಿಡಿದುಕೊಳ್ಳುತ್ತಾನೋ ಜಪಮಾಲೆ ಹಿಡಿದುಕೊಳ್ಳುತ್ತಾನೋ ಎಂದು ಪಂದ್ಯ ಕಟ್ಟಿದ. ನೇರಿಯೊ ಆಗ ಎದ್ದು ನಿಂತು ಏಪ್ರಿಲಿನ ನಿಜ ಹೇಳಿದ. ಗೇರು ಇಳಿಸಿದ್ದು ಚಾತುರ್ಯವಲ್ಲ, ಬ್ರೇಕೆಂದುಕೊಂಡು ತುಳಿದದ್ದು ಎಂದ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರಿನಲ್ಲಿ ಹೊರಟರು. ಬೆಳಗಿನ ಬಿಸಿಲು, ಮರ್ರಾದಿ ಊರು ದಾಟಿದ ಮೇಲೆ ಚೆಸ್ಟ್‌ನಟ್ ಮರಗಳ ನೆರಳು. ನೇರಿಯೊನ ಬೆನ್ನ ಹಿಂದೆ ಒರಗು ಇತ್ತು, ಆದರೆ ಅವನು ಒರಗಿರಲಿಲ್ಲ. ಅವನ ಕೈಗೆ ಹ್ಯಾಂಡಲ್ಲಿಲ್ಲ, ಕಾಲಿಗೆ ಪೆಡಲಿಲ್ಲ. ಮುಂದಿನ ರಸ್ತೆಯೆಲ್ಲ ಇಲ್ವಾಳ ಹೆಲ್ಮೆಟ್ಟಿನ ಹಿಂದೆ ಮರೆಯಾಗಿತ್ತು. ತಿರುವು ಬರುವುದು ಗಾಡಿ ವಾಲಿದ ಮೇಲೆಯೇ ಅವನಿಗೆ ಗೊತ್ತಾಗುತ್ತಿತ್ತು. ಜೀವಮಾನದಲ್ಲಿ ಇಷ್ಟು ಹೆದರಿರಲಿಲ್ಲ ಅವನು.

ಘಾಟಿಯ ತುದಿ ದಾಟಿ ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ, ಒಂದು ತಿರುವಿನಲ್ಲಿ ಬಸ್ಸೊಂದು ಅರ್ಧ ರಸ್ತೆ ನುಂಗಿಕೊಂಡು ಎದುರು ಬಂತು. ನೇರಿಯೊನ ಎಡಗಾಲು ಇದ್ದ ಶಕ್ತಿಯನ್ನೆಲ್ಲ ಹಾಕಿ ಕಾಲಿಡುವ ಕಂಬಿಯನ್ನು ತುಳಿಯಿತು. ಏನೂ ಆಗಲಿಲ್ಲ. ಇಲ್ವಾ ಬಲಗಾಲು ಒತ್ತಿ, ಬಲಗೈ ಹಿಡಿದು, ಗಾಡಿಯನ್ನು ಬೆಟ್ಟದ ಗೋಡೆಯ ಕಡೆಗೆ ತಂದು ನಿಲ್ಲಿಸಿದಳು. ಬಸ್ಸು ಹಾರ್ನು ಹೊಡೆಯುತ್ತ ಹೋಯಿತು.

ಅವಳು ಎಂಜಿನ್ ಆರಿಸಿ, ಹೆಲ್ಮೆಟ್ಟು ತೆಗೆದು, ತಿರುಗಿ ನೋಡಿದಳು. ತಟ್ಟೆಯ ಅಂಚಿಗೆ ಗೆರೆ ಎಳೆಯುತ್ತಿದ್ದ ಆ ಕೈ ಈಗ ನಡುಗುತ್ತಿತ್ತು. ಅದನ್ನು ಅವಳು ಬಚ್ಚಿಡಲಿಲ್ಲ.

“ನೇರಿಯೊ, ನಂಗೆ ತುಂಬ ಭಯ ಆಯ್ತು. ಇನ್ನು ಕೆಳಗಿನ ತನಕ ಇಳಿಜಾರೇ, ಇಂಥ ತಿರುವು ಬೇಕಾದಷ್ಟಿದೆ. ಮುಂದಿನ ಸಲಾನೂ ಸರಿಯಾಗೇ ಹಿಡೀತೀನಿ ಅಂತ ಮಾತು ಕೊಡಕ್ಕಾಗಲ್ಲ. ನೀನು ಇಳೀತೀಯೋ, ಕೂರ್ತೀಯೋ, ನೀನೇ ಹೇಳು.”

ಏಪ್ರಿಲಿನ ಆ ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ತಾನು ಅವಳನ್ನು ಕೇಳಬೇಕಾಗಿದ್ದ ಪ್ರಶ್ನೆ ಇದೇ ಎಂದು ನೇರಿಯೊನಿಗೆ ಗೊತ್ತಾಯಿತು. ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳೋ ಅದು ಅವನಿಗೆ ಇನ್ನು ಎಂದೂ ತಿಳಿಯುವಂತಿರಲಿಲ್ಲ. ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು.

“ನಂಗೂ ತುಂಬ ಭಯ ಆಗ್ತಿದೆ,” ಎಂದ. “ಕೂರ್ತೀನಿ.”

ಇಲ್ವಾ ಕೈ ನಡುಗುವುದು ನಿಲ್ಲುವ ತನಕ ಕಾದಳು. ಆಮೇಲೆ ಹೆಲ್ಮೆಟ್ಟು ಹಾಕಿಕೊಂಡು ಗುಂಡಿ ಒತ್ತಿದಳು. ನೇರಿಯೊ ಅವಳ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಂಡ, ಗಾಡಿ ಕೆಳಗೆ ಇಳಿಯತೊಡಗಿತು.